ಹಂಚಿಗೆ ಸರ್ಟಿಫಿಕೇಟು, ಚಿಮಣಿಗೆ ಶರಣು

ಈಗ ಕೊಪ್ಪಳ ಕಡೆ ಮದುವಿ ಮಾತುಕತಿಗೆ ಕುಂತ್ರ ಬಂಗಾರಕ್ಕಿಂತ ಭಾಂಡೆ ಸಾಮಾನಿಗೇ ಟೈಮ್ ಜಾಸ್ತಿ ಹಿಡಿಯಾಕತ್ತೈತಿ ನೋಡ್ರಿ. ಮೊದಲ ಹಿತ್ತಾಳಿ ಕೊಡ, ತಾಮ್ರದ ಹಂಡೆ, ಸ್ಟೀಲ್ ಸಾಮಾನ ಒಂದ್ ಸೆಟ್ ಅಂದ್ರ ಬೀಗರು ತಲಿ ಅಲ್ಲಾಡಿಸಿ ಚಾ ಕುಡದು ಏಳ್ತಿದ್ರು. ಈಗ ಹುಡುಗನ ತಂಗಿ ಮೊಬೈಲ್ ತಗದು ರೀಲ್ಸ್ ಹಚ್ಚಿ ಹೆಣ್ಣಿನ ಅಪ್ಪನ ಮಕಕ್ಕ ಹಿಡಿತಾಳ, "ಮಾಮಾರ, ನಾನ್‌ಸ್ಟಿಕ್ ಬ್ಯಾಡ್ರಿ, ಅಲ್ಯೂಮಿನಿಯಂ ಅಂತೂ ಮೊದಲ ಬ್ಯಾಡ್ರಿ, ನಮ್ಮಣ್ಣನ ಹೆಲ್ತ್ ಮುಖ್ಯ, ಟ್ರೈಪ್ಲೈ ಕೊಡ್ರಿ." ಅಣ್ಣ ಬಾಯಾಗ ಗುಟ್ಕಾ ಇಟ್ಕೊಂಡು ಕುಂತಿರ್ತಾನ, ಅದಕ್ಕ ಮಾತಾಡಂಗಿಲ್ಲ, ಹೂಂ ಅಂತ ತಲಿ ಅಷ್ಟ ಹಾಕ್ತಾನ.

ಈ ಟ್ರೈಪ್ಲೈ ಅಂದ್ರ ಏನಪಾ ಅಂದ್ರ, ಮ್ಯಾಲ ಸ್ಟೀಲು, ಕೆಳಗ ಸ್ಟೀಲು, ನಡಬರಕ ಅಲ್ಯೂಮಿನಿಯಂ, ಕಾವು ಎಲ್ಲಾ ಕಡೆ ಸಮ ಹಬ್ಬಲಿ ಅಂತ. ಒಳ್ಳೇ ಸಾಮಾನನ, ನಾ ಏನ್ ಹೀಗಳ್ಯಾಕತ್ತಿಲ್ಲ. ಆದ್ರ ಮನ್ಯಾಗಿನ ಜರ್ಮನ್ ತಪೇಲಿ (ನಮ್ಮ ಕಡೆ ಅಲ್ಯೂಮಿನಿಯಂಗ ಜರ್ಮನ್ ಅಂತಾರ) ವಿಷ ಅಂತ ಗುಜರಿಯವಗ ಹಾಕಿ, ಅದ ಜರ್ಮನ್ನಿಗೆ ಎರಡೂ ಕಡೆ ಸ್ಟೀಲ್ ಅಂಗಿ ತೊಡಿಸಿ ಕೊಟ್ರ ಇಎಂಐ ಮ್ಯಾಲ ತರೋದು ನೋಡಿದ್ರ ನಗು ಬರ್ತೈತಿ. ಜರ್ಮನ್ ಪಾತ್ರಿಯಾಗ ಹುಣಸಿಹುಳಿ, ಟಮಾಟಿ ಕುದಿಸಿದ್ರ, ಮ್ಯಾಲ ರಾತ್ರಿತನಕ ಅದರಾಗ ಇಟ್ರ, ಸ್ವಲ್ಪ ಅಲ್ಯೂಮಿನಿಯಂ ಸಾರಿಗೆ ಇಳಿತೈತಿ ಖರೆ. ಹಂಗಂದ್ರ ಹುಳಿ ಸಾರು ಸಾದಾ ಸ್ಟೀಲ್ ಬೋಗುಣ್ಯಾಗ ಮಾಡ್ರಿ, ಮುಗೀತು. ಇಷ್ಟು ಸಸ್ತಾದಾಗ ಮುಗಿಯೋ ಮಾತಿಗೆ ರೀಲ್ಸ್ ಯಾರು ಮಾಡ್ತಾರ?

ಇನ್ನ ನಾನ್‌ಸ್ಟಿಕ್ ಡಬ್ಬಿ ಮ್ಯಾಲ ಹಸರು ಎಲಿ ಚಿತ್ರ, ಕೆಳಗ "ಪಿಎಫ್‌ಒಎ ಇಲ್ಲ" ಅಂತ ಸ್ಟಿಕ್ಕರ್. ಪಿಎಫ್‌ಒಎ ಅನ್ನೋದು ಟೆಫ್ಲಾನ್, ಅಂದ್ರ ನಾನ್‌ಸ್ಟಿಕ್ ಮ್ಯಾಲಿನ ಲೇಪ, ತಯಾರು ಮಾಡುವಾಗ ಬಳಸ್ತಿದ್ದ ಕೆಮಿಕಲ್, 2023ರಾಗ ಅದು ಕ್ಯಾನ್ಸರ್ ತರೋದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ ಪಟ್ಟಿಗೆ ಸೇರಿಸೈತಿ, ಆದ್ರ ಅಮೆರಿಕದ ದೊಡ್ಡ ಕಂಪನಿಗಳು 2015ರ ಹೊತ್ತಿಗೇ ಅದನ್ನ ಬಿಟ್ಟಿದ್ವು. ಖರೆ ತ್ರಾಸ ಬ್ಯಾರೆ ಐತಿ. ಟೆಫ್ಲಾನ್ ಸುಮಾರು 260 ಡಿಗ್ರಿ ದಾಟಿದ್ರ ಕೆಡಾಕ ಶುರು ಆಗ್ತೈತಿ, ಇನ್ನೂ ಕಾದ್ರ ಹೊಗಿ ಬಿಡ್ತೈತಿ, ಆ ಹೊಗಿಗೆ ಪಂಜರದಾಗಿನ ಗಿಳಿ ಸಾಯ್ತಾವ. ದ್ವಾಸಿಗೆ ಸಣ್ಣ ಉರಿ ಇಟ್ರ ಏನೂ ಆಗಂಗಿಲ್ಲ. ನಮ್ಮ ಮಂದಿ ಏನ್ ಮಾಡ್ತಾರ? ಖಾಲಿ ತವಾ ದೊಡ್ಡ ಉರಿ ಮ್ಯಾಲ ಇಟ್ಟು, ಅದು ಕಾಯೋತನಕ ಧಾರಾವಾಹಿ ನೋಡಿ ಬಂದು, ಅದರ ಮ್ಯಾಲ ಜ್ವಾಳದ ರೊಟ್ಟಿ ಹಾಕ್ತಾರ. ಕಬ್ಬಿಣದ ರೊಟ್ಟಿ ಹಂಚು ಎಲ್ಲಿ ಹೋತವ್ವಾ ಅಂದ್ರ, ತುಕ್ಕು ಹಿಡಿತಿತ್ತು ಅಂತ ಗುಜರಿಗೆ. ಆಮ್ಯಾಲ ರಕ್ತ ಕಡಿಮಿ ಐತಿ ಅಂತ ಆಶಾ ಅಕ್ಕ ಬಂದು ಕಬ್ಬಿಣದ ಗುಳಿಗಿ ಕೊಟ್ಟು ಹೋಗ್ತಾಳ, ಆ ಗುಳಿಗಿ ಫ್ರಿಜ್ ಮ್ಯಾಲ ಕುಂತಿರ್ತಾವ. ಗವಿಮಠದ ಜಾತ್ರಿಗೆ ಹಳ್ಳಿ ಹಳ್ಳಿಯಿಂದ ಚಕ್ಕಡಿ, ಟ್ರ್ಯಾಕ್ಟರ್ ತುಂಬ ಲಕ್ಷಗಟ್ಟಲೆ ರೊಟ್ಟಿ ಬರ್ತಾವಲ್ಲ, ಆ ರೊಟ್ಟಿ ಬೇಯಿಸಿದ ಹಂಚಿನ ಸರ್ಟಿಫಿಕೇಟ್ ಯಾರೂ ಕೇಳಿಲ್ಲ ಪುಣ್ಯಾಕ.

ಸ್ವಲ್ಪ ರೊಕ್ಕ ಇದ್ದೋರು ಹಿತ್ತಾಳಿಗೆ ಹೊಳ್ಯಾರ. ಅಜ್ಜಿ ಕಾಲದ್ದು, ಆಯುರ್ವೇದ, ಎನರ್ಜಿ ಅಂತೆಲ್ಲ. ಅಜ್ಜಿ ಕಾಲದಾಗ ಓಣ್ಯಾಗ ಕಲಾಯಿಯವ ಬರ್ತಿದ್ದ, ತಿದಿ ಊದಿ, ನವಸಾಗರ ಉದುರಿಸಿ, ತವರ ಸವರಿ ಹೋಗ್ತಿದ್ದ, ಅದು ಸವದ್ರ ಮತ್ತ ಕರಿಯೋರು. ಈಗ ಕಲಾಯಿಯವ ಇಲ್ಲ, ಕಲಾಯಿ ಇಲ್ಲದ ಹಿತ್ತಾಳಿ ಪಾತೇಲ್ಯಾಗ ಹುಣಸಿ ಹಿಂಡಿ ಸಾಂಬಾರ್ ಕುದಿಸಿ ಫೋಟೋ ಹಾಕ್ತಾರ, ತಳದಾಗ ಹಸರು ಕಿಲುಬು ಹಿಡಿದ್ರ ಅದೂ ನ್ಯಾಚುರಲ್ ಅಂತ.

ಎಲ್ಲಾಕಿಂತ ಮಜಾ ಮ್ಯಾಗ್ನೆಟ್ ಪಾರ್ಟಿದು. ಸ್ಟೀಲಿಗೆ ಮ್ಯಾಗ್ನೆಟ್ ಅಂಟಲಿಲ್ಲ ಅಂದ್ರ 304 ಗ್ರೇಡ್, ಅಂದ್ರ ನಿಕ್ಕಲ್ ಜಾಸ್ತಿ ಇರೋ ಒಳ್ಳೇ ಸ್ಟೀಲು, ಅಸಲಿ ಅಂತ ರೀಲ್ಸ್‌ನವರು ಹೇಳ್ಯಾರ. ಅಂಗಡಿಗೆ ಬರ್ತಾರ, ಕಿಸೆದಾಗಿಂದ ಮ್ಯಾಗ್ನೆಟ್ ತಗಿತಾರ, ಡಾಕ್ಟರ್ ಸ್ಟೆತಸ್ಕೋಪ್ ಇಟ್ಟಂಗ ಒಂದೊಂದು ಡಬರಿಗೆ ಇಟ್ಟು ನೋಡ್ತಾರ. ಅಂಗಡಿ ಸಾವ್ಕಾರ ಒಳಗೊಳಗ ನಗ್ತಾನ, ಯಾಕಂದ್ರ ನಿಕ್ಕಲ್ ಕಡಿಮಿ ಮಾಡಿ ಮ್ಯಾಂಗನೀಸ್ ಹಾಕಿದ 200 ಸೀರೀಸ್ ಸಸ್ತಾ ಸ್ಟೀಲಿಗೂ ಮ್ಯಾಗ್ನೆಟ್ ಅಂಟಂಗಿಲ್ಲ. ಆ ಮ್ಯಾಂಗನೀಸ್ ಅದಿರು ಬಾಜೂಕಿನ ಸಂಡೂರಿನ ಗುಡ್ಡದಾಗ ತಗೀತಾರ, ಊರ ಸರಕಿಗೆ ಊರವರ ಮೋಸ ಹೋಗೋದು ಅಂದ್ರ ಇದ. 2024ರಾಗ ಕೇಂದ್ರ ಸರ್ಕಾರ ಸ್ಟೀಲ್, ಅಲ್ಯೂಮಿನಿಯಂ ಪಾತ್ರಿಗೆ ಐಎಸ್‌ಐ ಮಾರ್ಕ್ ಕಡ್ಡಾಯ ಮಾಡಿ ಆದೇಶ ಹೊಂಡಿಸ್ತು, ಆ ಮಾರ್ಕ್ ಮಾತ್ರ ಒಬ್ಬರೂ ಬಗ್ಗಿ ನೋಡಂಗಿಲ್ಲ.

ಹಿಂಗ ಗಿಣಿಗೇರಿ ಕಡೆ ಒಬ್ಬ ಮಾವ ಡಬರಿಗೆ ಹಿಡಿದ ಮ್ಯಾಗ್ನೆಟ್ಟನ್ನ ಮನಿಗೆ ಬಂದು ಮಾಳಗಿ ಮ್ಯಾಲ ಇಟ್ಟಿದ್ದನಂತ, ಮುಂಜಾನೆ ನೋಡಿದ್ರ ಅದಕ್ಕ ಮುಳ್ಳುಹಂದಿಗತೆ ಕರಿ ಧೂಳ ನಿಮಿರಿ ನಿಂತಿತ್ತು! ಡಬರಿಗೆ ಅಂಟದ್ದು ಮಾಳಗಿಗೆ ಅಂಟಿತು. ಅಲ್ಲೆ ಅದಿರಿನಿಂದ ಕಬ್ಬಿಣ ತಗಿಯೋ ಸ್ಪಾಂಜ್ ಐರನ್, ಸ್ಟೀಲ್ ಕಾರ್ಖಾನಿ ಸಾಲಾಗಿ ಅದಾವ, ಒಣಾಕಿದ ಬಿಳಿ ಅಂಗಿ ಸಂಜಿಮುಂದ ಬೂದಿ ಬಣ್ಣ ಆಗಿರ್ತೈತಿ, ಹತ್ತಿ ಬೆಳಿಯೋ ರೈತ ಹತ್ತಿ ಕರ್ರಗ ಬಂತು ಅಂತ ತಲಿ ಹಿಡ್ಕೊಂಡಾನ. 2025ರ ಫೆಬ್ರವರಿಯಾಗ ಹೊಸ ಕಾರ್ಖಾನಿ ಬ್ಯಾಡ ಅಂತ ಕೊಪ್ಪಳ ಬಂದ್ ಆತು, ಗವಿಮಠದ ಅಜ್ಜಾರ ಬೀದಿಗೆ ಬಂದು ಮಾತಾಡಿದ್ರು. ಈ ಮ್ಯಾಗ್ನೆಟ್ ಪಾರ್ಟಿಯವರು ಅವತ್ತು ಏನ್ ಮಾಡಿದ್ರು? ಬಂದ್ ಐತಿ, ಅಂಗಡಿ ಮುಚ್ಚ್ಯಾವ ಅಂತ ಆನ್‌ಲೈನ್ದಾಗ ಸೆರಾಮಿಕ್ ಕಡಾಯಿ ಆರ್ಡರ್ ಮಾಡಿದ್ರು.

ನನ್ನ ಕಡೆ ಒಂದು ಸಲಹಾ ಐತಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಪುಕ್ಕಟಿ ಕೊಡ್ತೀನಿ. ಚಿಮಣಿಗೆ ಫಿಲ್ಟರ್ ಹಾಕ್ಸೋದು, ಅದನ್ನ ರಾತ್ರಿನೂ ಚಾಲೂ ಇಡ್ಸೋದು ಬಾಳ ತ್ರಾಸಿನ ಕೆಲಸ. ಅದರ ಬದಲಿ ನಮ್ಮ ಮಾಳಗಿಗೆ, ಹತ್ತಿ ಹೊಲಕ್ಕ, ಅನುದಾನ ಉಳಿದ್ರ ಮಂದಿ ಶ್ವಾಸಕೋಶಕ್ಕೂ ಒಂದೊಂದು ನಾನ್‌ಸ್ಟಿಕ್ ಕೋಟಿಂಗ್ ಹೊಡಿಸಿಬಿಡ್ರಿ, ಏನ್ ಬಿದ್ರೂ ಜಾರಿ ಹೋಗ್ತೈತಿ.

ನೀರಿನ ಕಥಿನೂ ಇದ. ಕುಷ್ಟಗಿ, ಯಲಬುರ್ಗಾ ಕಡೆ ಬೋರಿನ ನೀರಾಗ ಫ್ಲೋರೈಡ್. ಲೀಟರಿಗೆ ಒಂದು ಮಿಲಿಗ್ರಾಂ ಇರಬೇಕು, ಬ್ಯಾರೆ ನೀರ ಸಿಗದಿದ್ರ ಒಂದೂವರಿ ತನಕ ನಡಿತೈತಿ ಅಂತ ಕಾಗದದಾಗ ಬರದೈತಿ, ಅದಕ್ಕಿಂತ ಜಾಸ್ತಿ ಇದ್ದದ್ದ ಕುಡದ ಹುಡುಗರ ಹಲ್ಲು ಕಂದು ಆಗ್ಯಾವ, ಮುದುಕರ ಮಣಕಾಲು ಸೆಟದಾವ. ಕುದಿಸಿದ್ರ ಫ್ಲೋರೈಡ್ ಹೋಗಂಗಿಲ್ಲ, ನೀರ ಆವಿ ಆಗಿ ಉಳಿದಿದ್ದರಾಗ ಇನ್ನಷ್ಟು ಗಟ್ಟಿ ಆಗ್ತೈತಿ. ಶುದ್ಧ ನೀರಿನ ಘಟಕ ಕೆಟ್ಟು ಕೀಲಿ ಬಿದ್ದಿರ್ತೈತಿ. ಆ ನೀರನ್ನ ಟ್ರೈಪ್ಲೈದಾಗ ಕುದಿಸಿದ್ರ ಟ್ರೈಪ್ಲೈ ಫ್ಲೋರೈಡು.

ಇಷ್ಟೆಲ್ಲ ಸಾಮಾನ ತಂದ ಮನಿಯವರು ವಾರದಾಗ ಎಷ್ಟ ದಿನ ಅಡಗಿ ಮಾಡ್ತಾರ ಅಂತ ಕೇಳಬ್ಯಾಡ್ರಿ. ಮುಂಜಾನೆ ಒಗ್ಗರಣಿ ಮಿರ್ಚಿ, ಕರಿ ಎಣ್ಣಿಯಾಗ ಕರದಿದ್ದು, ಪೇಪರ್‌ನಾಗ ಸುತ್ತಿದ್ದು, ನಿನ್ನಿ ಸುದ್ದಿ ಮಿರ್ಚಿ ಮ್ಯಾಲ ಅಚ್ಚಾಗಿ ಬಂದಿರ್ತೈತಿ. ಪೇಪರ್ ಇಂಕು ಒಳ್ಳೇದಲ್ಲ, ಅದರಾಗ ತಿನ್ನೋದು ಕಟ್ಟಬ್ಯಾಡ್ರಿ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2016ರಿಂದ ಹೇಳಾಕತ್ತೈತಿ, ಆ ಸುದ್ದಿನೂ ಪೇಪರ್‌ನಾಗ ಬಂದಿತ್ತು, ಅದರಾಗೂ ಮಿರ್ಚಿ ಕಟ್ಟಿದ್ರು. ರಾತ್ರಿ ಇಡ್ಲಿ ಪಾರ್ಸಲ್. ಕುದಿಯೋ ಸಾಂಬಾರು ತೆಳ್ಳನ ಪ್ಲಾಸ್ಟಿಕ್ ಕವರಿನಾಗ ಪುಗ್ಗೆ ಊದಿದಂಗ ಕುಂತಿರ್ತೈತಿ, ನಮ್ಮ ಟ್ರೈಪ್ಲೈ ಅಣ್ಣ ಗುಟ್ಕಾ ಉಗುಳಿ ಬಂದು ಅದನ್ನ ಎತ್ತಿ ಹಿಡಿದು ಲೈಟಿಗೆ ಹಚ್ಚಿ ತಪಾಸಣಿ ಮಾಡ್ತಾನ, ಮಕ ಗಂಭೀರ ಆಗ್ತೈತಿ.

"ಏ ತಮ್ಮಾ, ಇದು ಸರಿ ಇಲ್ಲ ನೋಡು. ಇನ್ನೊಂದು ಕವರ್ ಹಾಕು, ಕಾರಿನ ಸೀಟು ಹೊಸಾದೈತಿ."