ಬೆಂಗ್ರೆಯಲ್ಲಿ ನೋಡಲಿಕ್ಕೆ ಎಂತ ಉಂಟು?

ಮಂಗಳೂರಿಗೆ ಬರುವ ನೆಂಟರಿಗೆಲ್ಲ ಈಗ ಒಂದು ಪಟ್ಟಿ ಬೇಕು. ಬೆಳಿಗ್ಗೆ ಕದ್ರಿ, ಆಮೇಲೆ ಅಲೋಶಿಯಸ್ ಚಾಪೆಲ್, ಮಧ್ಯಾಹ್ನ ಮೀನೂಟ, ನಾಲ್ಕು ಗಂಟೆಗೆ ಗಡ್‌ಬಡ್ ಐಸ್‌ಕ್ರೀಮ್, ಸಂಜೆ ಪಣಂಬೂರು ಬೀಚ್. ಎಲ್ಲ ಮೊಬೈಲಿನಲ್ಲಿ ಬರೆದುಕೊಂಡೇ ರೈಲು ಹತ್ತಿರುತ್ತಾರೆ. ಮುಗಿದಿದ್ದಕ್ಕೆ ಟಿಕ್ ಹಾಕುತ್ತಾರೆ. ಅಂಥವರಿಗೆ "ಒಂದು ಸಂಜೆ ಬೆಂಗ್ರೆಗೆ ಹೋಗಿ ಬರುವ" ಎಂದು ಹೇಳಿ ನೋಡಿ. ಸ್ವಲ್ಪ ಹೊತ್ತು ಮೊಬೈಲ್ ತಡಕಾಡಿ, ಅದರಲ್ಲೂ ಏನೂ ಸಿಗದೆ, ಕೊನೆಗೆ ನಮ್ಮನ್ನೇ ಕೇಳುತ್ತಾರೆ. ಅಲ್ಲಿ ಏನಿದೆ?

ನ್ಯಾಯವಾದ ಪ್ರಶ್ನೆಯೇ. ಕೋಟೆ ಇಲ್ಲ, ಜಲಪಾತ ಇಲ್ಲ, ಸೆಲ್ಫಿ ಪಾಯಿಂಟ್ ಎಂದು ಬೋರ್ಡ್ ಹಾಕಿದ ಜಾಗ ಇಲ್ಲ. ಇರುವುದು ಒಂದು ಮರಳಿನ ಪಟ್ಟಿ, ಅದರ ಮೇಲೆ ಒಂದು ಊರು.

ಆ ಪಟ್ಟಿ ಅಲ್ಲಿ ಹೇಗೆ ಬಂತು ಅನ್ನುವುದೇ ಒಂದು ತಮಾಷೆ. ಗುರುಪುರ ನದಿ, ಫಲ್ಗುಣಿ ಅಂತಲೂ ಕರೆಯುತ್ತಾರೆ, ಘಟ್ಟದ ಕಡೆಯಿಂದ ಇಳಿದು ಕೂಳೂರಿನ ತನಕ ಸರಿಯಾಗಿಯೇ ಬರುತ್ತದೆ. ಇನ್ನೇನು ಸಮುದ್ರ ಎದುರಿಗೇ ಇದೆ, ಬೀಳಬಹುದು. ಬೀಳುವುದಿಲ್ಲ. ದಕ್ಷಿಣಕ್ಕೆ ತಿರುಗಿ, ಸಮುದ್ರದ ಪಕ್ಕದಲ್ಲೇ ಸುಮಾರು ದೂರ ಹರಿದು, ನೇತ್ರಾವತಿಯನ್ನು ಕೂಡಿಕೊಂಡು, ಆಮೇಲೆ ಎರಡೂ ಒಟ್ಟಿಗೆ ಅಳಿವೆ ಬಾಗಿಲಿನಲ್ಲಿ ಕಡಲು ಸೇರುತ್ತವೆ. ಅಲೆಗಳು ತಂದು ರಾಶಿ ಹಾಕಿದ ಮರಳು ನದಿಗೆ ಅಡ್ಡ ನಿಂತಿದ್ದರಿಂದ ಈ ಸುತ್ತು. ಹೀಗೆ ನದಿಗೂ ಕಡಲಿಗೂ ನಡುವೆ ಉಳಿದ ಮರಳಿನ ಮೇಲೆ, ಬಡಗಿನಿಂದ ತೆಂಕಿಗೆ ಪಣಂಬೂರು, ತಣ್ಣೀರುಬಾವಿ, ಬೆಂಗ್ರೆ. ಬೆಂಗ್ರೆಯಲ್ಲೂ ಎರಡು. ತೋಟ ಬೆಂಗ್ರೆಯಲ್ಲಿ ಮೀನುಗಾರ ಸಮುದಾಯದ ಮೊಗವೀರರು ಜಾಸ್ತಿ, ಕಸಬಾ ಬೆಂಗ್ರೆಯಲ್ಲಿ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು ಜಾಸ್ತಿ. ಮಹಾನಗರ ಪಾಲಿಕೆಯ ಲೆಕ್ಕದಲ್ಲಿ ಇದು 60ನೇ ವಾರ್ಡ್. ಕೊನೆಯ ನಂಬರು. ಹಾಗಾಗಿ ಕಾಗದದಲ್ಲಿ ಇದು ಮಂಗಳೂರು ನಗರವೇ. ಆದರೆ ಬೆಂಗ್ರೆಯವರು ಈಚೆ ದಡಕ್ಕೆ ಬರುವಾಗ "ಮಂಗಳೂರಿಗೆ ಹೋಗಿ ಬರ್ತೇನೆ" ಅಂತಲೇ ಹೇಳಿ ಹೊರಡುತ್ತಾರೆ.

ಹೋಗುವ ದಾರಿ ಎರಡು. ಕಾರಿನಲ್ಲಿ ಹೋದರೆ ಕೊಟ್ಟಾರ ಚೌಕಿ, ಕೂಳೂರು ಸೇತುವೆ, ಪಣಂಬೂರು, ಅಲ್ಲಿಂದ ತಿರುಗಿ ಮತ್ತೆ ಕೆಳಗೆ. ಹತ್ತು ಕಿಲೋಮೀಟರಿಗಿಂತ ಮೇಲೆ, ಟ್ಯಾಂಕರ್ ಲಾರಿಗಳ ಹಿಂದೆ. ದೋಣಿಯಲ್ಲಿ ಹೋದರೆ ಕೆಲವೇ ನಿಮಿಷ. ಬಂದರಿನ ದಕ್ಕೆಯಿಂದ, ಅಂದರೆ ದೋಣಿ ನಿಲ್ಲುವ ಕಟ್ಟೆಯಿಂದ, ಬೆಂಗ್ರೆಗೆ ದೋಣಿ ಉಂಟು, ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಇನ್ನೊಂದು. ಕಾರಿನಲ್ಲಿ ಹೋಗುವವರಿಗೆ ಬೆಂಗ್ರೆಯಲ್ಲಿ ನಿಜವಾಗಿಯೂ ಏನೂ ಇಲ್ಲ. ಅರ್ಧ ಊರು ದೋಣಿಯಲ್ಲೇ ಮುಗಿದು ಹೋಗಿರುತ್ತದೆ.

ನೆಂಟರನ್ನು ನಾನು ಹೋಗುವಾಗ ಸುಲ್ತಾನ್ ಬತ್ತೇರಿಯಿಂದ ದಾಟಿಸುತ್ತೇನೆ, ಬರುವಾಗ ದಕ್ಕೆಗೆ ಇಳಿಸುತ್ತೇನೆ. ಬತ್ತೇರಿ ಅಂದರೆ ಒಂದು ಕಾವಲು ಬುರುಜು. 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಶತ್ರುಗಳ ಹಡಗು ಗುರುಪುರ ನದಿಗೆ ನುಗ್ಗದ ಹಾಗೆ. ಕಪ್ಪು ಕಲ್ಲಿನ ಗೋಡೆ, ಫಿರಂಗಿ ಇಡಲು ಸುತ್ತಲೂ ಕಿಂಡಿ. ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. "ಇಷ್ಟೇನಾ?" ಎಂದು ಕೇಳುವವರ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ಹತ್ತಿ ನಿಂತು ಕಿಂಡಿಯಲ್ಲಿ ಒಮ್ಮೆ ನೋಡಬೇಕು. ನದಿ ಇಡೀ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ, ಇಲ್ಲಿ ಫಿರಂಗಿ ಇಟ್ಟರೆ ಯಾವ ಹಡಗೂ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಯಾರೂ ಹೇಳಿಕೊಡುವ ಅಗತ್ಯ ಇಲ್ಲದೆ ಗೊತ್ತಾಗುತ್ತದೆ. ಜಾಗ ಆರಿಸಿದವನು ದಡ್ಡನಲ್ಲ.

ಇದೇ ನದಿಯಲ್ಲಿ ತಣ್ಣೀರುಬಾವಿಯ ಹತ್ತಿರ ಒಂದು ಕಾಲದಲ್ಲಿ ತೇಲುವ ವಿದ್ಯುತ್ ಸ್ಥಾವರ ಇತ್ತು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ. ಬಾರ್ಜ್ ಮೇಲೆ ಕೂರಿಸಿದ 220 ಮೆಗಾವಾಟಿನ ಸ್ಥಾವರ, ನಾಫ್ತಾದಲ್ಲಿ ಓಡುತ್ತಿತ್ತು. 2001ರಲ್ಲಿ ಶುರುವಾಯಿತು. ಹತ್ತು ವರ್ಷ ಆಗುವ ಹೊತ್ತಿಗೆ ಅದನ್ನು ಆಂಧ್ರದ ಕಾಕಿನಾಡಕ್ಕೆ ಸಾಗಿಸಿದರು. ಬಾಡಿಗೆ ಮನೆ ಖಾಲಿ ಮಾಡುವಾಗ ಮಿಕ್ಸಿ, ಗ್ರೈಂಡರ್ ಎತ್ತಿಕೊಂಡು ಹೋದ ಹಾಗೆ ಪವರ್ ಪ್ಲಾಂಟನ್ನೇ ಎತ್ತಿಕೊಂಡು ಹೋದರು ಮಾರಾಯ್ರೆ.

ತಣ್ಣೀರುಬಾವಿ ಬೀಚ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಎಲ್ಲರ ಪಟ್ಟಿಯಲ್ಲೂ ಉಂಟು. ಗಾಳಿಮರದ ನೆರಳು, ಪಕ್ಕದಲ್ಲಿ ಅರಣ್ಯ ಇಲಾಖೆಯ ಟ್ರೀ ಪಾರ್ಕ್, ಭಾನುವಾರ ಜನವೋ ಜನ. ಆದರೆ ಚರುಮುರಿಯವನ ಎದುರು ಸ್ವಲ್ಪ ಹೊತ್ತು ನಿಲ್ಲದೆ ಹೋಗಬಾರದು. ಅವನು ಸ್ಟೀಲಿನ ಪಾತ್ರೆಯಲ್ಲಿ ಮೊದಲು ಈರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್ ಹಾಕುತ್ತಾನೆ. ಅದರ ಮೇಲೆ ಮೆಣಸಿನ ಹುಡಿ, ಉಪ್ಪು, ಮುಚ್ಚಳದಲ್ಲಿ ತೂತಿರುವ ಬಾಟ್ಲಿಯಿಂದ ಎರಡು ಸುತ್ತು ತೆಂಗಿನೆಣ್ಣೆ. ಚಮಚದಲ್ಲಿ ಪಾತ್ರೆಯ ಬದಿಗೆ ಕಟಕಟ ಎಂದು ಬಡಿಯುತ್ತಾ ಕಲೆಸಿ, ಮಂಡಕ್ಕಿಯನ್ನು ಕೊನೆಗೆ ಹಾಕುತ್ತಾನೆ, ಮೆತ್ತಗಾಗಬಾರದಲ್ಲ. ನಿಂಬೆ ಹಿಂಡಿ ಪೇಪರ್ ಪೊಟ್ಟಣಕ್ಕೆ ಸುರಿದು ಕೈಗೆ ಕೊಟ್ಟ ಮೇಲೆ ನಮಗೆ ಸಿಗುವ ಸಮಯ ಕಡಿಮೆ. ಕಡಲಿನ ಗಾಳಿಗೆ ಅದು ಬೇಗ ಮೆತ್ತಗಾಗುತ್ತದೆ. ಸೂರ್ಯಾಸ್ತದ ಫೋಟೋ ತೆಗೆದು ಆಮೇಲೆ ತಿನ್ನುತ್ತೇನೆ ಅನ್ನುವವರು ಸೂರ್ಯನನ್ನೂ ಸರಿಯಾಗಿ ನೋಡುವುದಿಲ್ಲ, ಚರುಮುರಿಯನ್ನೂ ಸರಿಯಾಗಿ ತಿನ್ನುವುದಿಲ್ಲ.

ಬೀಚ್‌ನಿಂದ ತೆಂಕಿಗೆ ಬಂದ ಹಾಗೆ ಪ್ರವಾಸಿಗಳು ಕಡಿಮೆಯಾಗುತ್ತಾರೆ, ಬಲೆಗಳು ಜಾಸ್ತಿಯಾಗುತ್ತವೆ. ಇಲ್ಲಿಂದ ಬೆಂಗ್ರೆ ಶುರು. ಇಲ್ಲಿ ನಮಗೆ ಮಾಡಲಿಕ್ಕೆ ಏನೂ ಇಲ್ಲ, ಯಾಕೆಂದರೆ ಬೇರೆ ಎಲ್ಲರಿಗೂ ಏನೋ ಒಂದು ಕೆಲಸ ಇರುತ್ತದೆ. ಬಲೆಯ ತೂತು ಹೊಲಿಯುವವರು ಕಾಲಿನ ಹೆಬ್ಬೆರಳಿಗೆ ಬಲೆಯ ತುದಿ ಸಿಕ್ಕಿಸಿ ಎಳೆದು ಹಿಡಿದುಕೊಂಡು ಕೂತಿರುತ್ತಾರೆ. ಕೈ ತನ್ನಷ್ಟಕ್ಕೆ ಗಂಟು ಹಾಕುತ್ತಾ ಹೋಗುತ್ತದೆ, ಬಾಯಿ ಬೇರೆ ಯಾರದ್ದೋ ಮದುವೆಯ ವಿಷಯ ಮಾತಾಡುತ್ತಿರುತ್ತದೆ. ಒಂದು ಕಡೆ ಮರಳಿಗೆ ಎಳೆದು ಹಾಕಿದ ಬೋಟಿಗೆ ಬಣ್ಣ. ಒಂದು ಕಡೆ ಒಣಮೀನು, ಕಾಗೆ ಓಡಿಸಲಿಕ್ಕೆ ಒಬ್ಬರು ಅಜ್ಜಿ. ಸಂಜೆ ಮರಳಿನಲ್ಲಿ ಹುಡುಗರ ಫುಟ್‌ಬಾಲ್. ಮಂಗಳೂರಿನ ಫುಟ್‌ಬಾಲ್ ಎಂದರೆ ಕಸಬಾ ಬೆಂಗ್ರೆಯ ಹುಡುಗರ ಹೆಸರು ಬಾರದೆ ಇರುವುದಿಲ್ಲ. ಮರಳಿನಲ್ಲಿ ಓಡಿ ಬೆಳೆದವರಿಗೆ ಹುಲ್ಲು ಹಾಸಿದ ಮೈದಾನ ಯಾವ ಲೆಕ್ಕ?

ಜೂನ್ 1ರಿಂದ ಜುಲೈ 31ರ ತನಕ ಬಂದರೆ ಇನ್ನೊಂದು ಬೆಂಗ್ರೆ ಕಾಣುತ್ತದೆ. ಆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ತೂಫಾನಿನದ್ದು. ಬೋಟುಗಳೆಲ್ಲ ನದಿಯಲ್ಲಿ ಒಂದಕ್ಕೊಂದು ಒತ್ತಿ ಸಾಲಾಗಿ ನಿಲ್ಲುತ್ತವೆ, ಒಂದರಿಂದ ಒಂದಕ್ಕೆ ಹಾರಿಕೊಂಡೇ ನದಿಯ ನಡುವಿನ ತನಕ ಹೋಗಬಹುದೇನೋ ಅನ್ನುವಷ್ಟು. ನಾಡದೋಣಿಯವರು ಮಾತ್ರ ಮಳೆಯ ನಡುವೆ ಕಡಲು ಸ್ವಲ್ಪ ಶಾಂತವಾದ ದಿನ ನೋಡಿ ಹೊರಡುತ್ತಾರೆ. ಹಿಂದೆ ಇಡೀ ಊರು ಸೇರಿ ಎಳೆಯುವ ರಂಪಣಿ ಬಲೆ ಇತ್ತು. 1970ರ ದಶಕದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಮೂಲೆ ಸೇರಿತು. ಈಗ ಕರಾವಳಿಯಲ್ಲಿ ಅಲ್ಲಲ್ಲಿ ಸಣ್ಣ ಕೈರಂಪಣಿ ಕಾಣಸಿಗುತ್ತದೆ. ಎಲ್ಲಾದರೂ ಎಳೆಯುವುದು ಕಂಡರೆ ನಿಂತು ನೋಡಿ, ಹಗ್ಗ ಮುಟ್ಟಲಿಕ್ಕೆ ಹೋಗಬೇಡಿ. ನಾವು ಹಿಡಿದರೆ ಅವರಿಗೆ ನಮ್ಮನ್ನೂ ಸೇರಿಸಿ ಎಳೆಯಬೇಕಾಗುತ್ತದೆ.

ತೆಂಕು ತುದಿಯಲ್ಲಿ ಅಳಿವೆ ಬಾಗಿಲು. ಎದುರಿಗೇ ಉಳ್ಳಾಲ, ಪೋರ್ಚುಗೀಸರ ಜೊತೆ ಜಗಳಾಡಿದ ರಾಣಿ ಅಬ್ಬಕ್ಕನ ಊರು. ಆಚೆ ದಡದಲ್ಲಿ ಓಡಾಡುವ ಜನ ಕಾಣುತ್ತಾರೆ. ಆದರೆ ರಸ್ತೆಯಲ್ಲಿ ಹೋಗುವುದಾದರೆ ಕೂಳೂರು ಸುತ್ತಿ, ಇಡೀ ಮಂಗಳೂರು ದಾಟಿ, ನೇತ್ರಾವತಿ ಸೇತುವೆ ಹಿಡಿದು, ತೊಕ್ಕೊಟ್ಟಿನಲ್ಲಿ ತಿರುಗಬೇಕು. ಇಲ್ಲಿ ನೀರಿಗೆ ಇಳಿಯುವುದು ಬೇಡವೇ ಬೇಡ. ಎರಡು ನದಿ ಹೊರಗೆ ತಳ್ಳುತ್ತವೆ, ಕಡಲು ಒಳಗೆ ತಳ್ಳುತ್ತದೆ, ತಳದ ಮರಳು ನಿನ್ನೆ ಇದ್ದಲ್ಲಿ ಇವತ್ತು ಇರುವುದಿಲ್ಲ. ಬೋಟ್ ನಡೆಸಿ ತಲೆ ನರೆತವರೇ ಇಲ್ಲಿ ಭರತ ಇಳಿತ ನೋಡಿ, ದೇವರಿಗೆ ಕೈ ಮುಗಿದು ಒಳಗೆ ಬರುತ್ತಾರೆ. ಈಜು ಕಲಿತ ಪೇಟೆಯ ಹುಡುಗರ ಧೈರ್ಯ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಳೆ ಬಂದರಿಗೆ ದೊಡ್ಡ ಹಡಗು ಬಾರದೆ ಇದ್ದುದಕ್ಕೂ ಈ ಮರಳೇ ಕಾರಣ. ಹಡಗು ದೂರ ಕಡಲಿನಲ್ಲೇ ಲಂಗರು ಹಾಕಿ ನಿಲ್ಲುತ್ತಿತ್ತು, ಸಾಮಾನು ಸಣ್ಣ ದೋಣಿಗಳಲ್ಲಿ ಹೋಗಿ ಬರುತ್ತಿತ್ತು, ಮಳೆಗಾಲದಲ್ಲಿ ಅದೂ ಬಂದ್. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪಿನಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ ಮಂಗಳೂರು ಹಂಚು ಊರೂರು ತಿರುಗಲು ಹೊರಟಿದ್ದು ಇಲ್ಲಿಂದಲೇ. ಕೊನೆಗೆ 1970ರ ದಶಕದಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಆಯಿತು, ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ಹಳೆ ಬಂದರಿಗೆ ಉಳಿದದ್ದು ಮೀನು ಮತ್ತು ಲಕ್ಷದ್ವೀಪ. ಸಂಜೆ ಬೆಂಗ್ರೆಯಿಂದ ವಾಪಸು ಬರುವ ದೋಣಿಯಲ್ಲಿ ಕೂತರೆ ಲಕ್ಷದ್ವೀಪಕ್ಕೆ ಹೊರಡುವ ಮಂಜಿಗಳು, ಅಂದರೆ ಸಾಮಾನು ಸಾಗಿಸುವ ದೊಡ್ಡ ದೋಣಿಗಳು, ದಕ್ಕೆಯಲ್ಲಿ ನಿಂತಿರುವುದು ಕಾಣುತ್ತದೆ. ತರಕಾರಿ, ಅಕ್ಕಿ, ಸಿಮೆಂಟ್, ಜಲ್ಲಿ. ನಮ್ಮಲ್ಲಿ ಲೋಡುಗಟ್ಟಲೆ ರಸ್ತೆ ಬದಿ ಬಿದ್ದಿರುವ ಜಲ್ಲಿ ಅಲ್ಲಿಗೆ ಸಮುದ್ರ ದಾಟಿ ಹೋಗಬೇಕು. ಹವಳದ ದ್ವೀಪದಲ್ಲಿ ಕಲ್ಲು ಎಲ್ಲಿಂದ ಬರಬೇಕು, ಅಲ್ವಾ?

ಈ ದೋಣಿಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಬಲ್ಲವರೇ. ತುಳು, ಬ್ಯಾರಿ, ಕನ್ನಡ ಮೂರೂ ಒಟ್ಟಿಗೆ ಕೇಳುತ್ತವೆ, ಎಂಜಿನಿನ ಟಕಟಕ ಶಬ್ದದ ಮೇಲೆ. ಶಾಲೆಯ ಬ್ಯಾಗು, ಅಕ್ಕಿ ಮೂಟೆ, ಆಸ್ಪತ್ರೆಯ ಎಕ್ಸ್‌ರೇ ಕವರ್. ನಮ್ಮ ಹಾಗೆ ಸುಮ್ನೆ ಹೊರಟವರು ನೋಡಿದ ಕೂಡಲೇ ಗೊತ್ತಾಗುತ್ತೇವೆ, ಮೊಬೈಲ್ ಎತ್ತಿ ಹಿಡಿದಿರುತ್ತೇವಲ್ಲ. ಬತ್ತೇರಿಯಿಂದ ತಣ್ಣೀರುಬಾವಿಗೆ ತೂಗು ಸೇತುವೆ ಆಗುತ್ತದೆ ಎಂಬ ಮಾತು ವರ್ಷಗಳಿಂದ ಉಂಟು. ಒಮ್ಮೆ ನನ್ನ ಜೊತೆ ಬಂದ ನೆಂಟರೊಬ್ಬರು, ಸೇತುವೆ ಆದರೆ ಈ ದೋಣಿಯ ಮಜಾ ಹೋಗುತ್ತದೆ, ಆಗದಿದ್ದರೇ ಒಳ್ಳೆಯದು ಎಂದರು. ಪಕ್ಕದಲ್ಲಿ ಖಾಲಿ ಮೀನಿನ ಬುಟ್ಟಿ ಮಗುಚಿ ಅದರ ಮೇಲೆ ಕೈ ಇಟ್ಟು ಕೂತಿದ್ದ ಅಕ್ಕ ತಿರುಗಿ ನೋಡಿದರು. "ರಾತ್ರಿ ಹೆರಿಗೆ ನೋವು ಬಂದರೆ ನಿಮ್ಮ ಮಜಾ ಗೊತ್ತಾಗ್ತದೆ" ಎಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ, ಬೂತಾಯಿಗೆ ರೇಟು ಹೇಳುವ ದನಿಯಲ್ಲೇ ಹೇಳಿದ್ದು. ನೆಂಟರು ಮೊಬೈಲ್ ಕಿಸೆಗೆ ಹಾಕಿದರು. ನನಗೂ ದೋಣಿ ಇಷ್ಟವೇ. ಆದರೆ ನನ್ನ ಮನೆ ಈಚೆ ದಡದಲ್ಲಿದೆ, ನನ್ನ ಇಷ್ಟಕ್ಕೆ ಖರ್ಚಿಲ್ಲ.

ಇನ್ನು ಊಟದ ವಿಷಯ. ಬೀಚ್‌ನಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ದಕ್ಕೆಯಲ್ಲಿ ಇಳಿದು, ಗೋದಾಮುಗಳ ಸಂದಿಯಲ್ಲಿ ಮೇಲೆ ನಡೆದರೆ ಬಂದರಿನ ಸಣ್ಣ ಹೋಟೆಲುಗಳು ಸಿಗುತ್ತವೆ. ಮೆನು ಕಾರ್ಡ್ ಕೇಳಬಾರದು, ಇವತ್ತು ಯಾವ ಮೀನು ಉಂಟು ಎಂದು ಕೇಳಬೇಕು. ಬೂತಾಯಿ ಇದ್ದರೆ ಪುಳಿಮುಂಚಿ, ಕಾಣೆ ಇದ್ದರೆ ರವಾ ಫ್ರೈ. ಮರುವಾಯಿ ಪುಂಡಿ, ಅಂದರೆ ಚಿಪ್ಪುಮೀನು ಹಾಕಿದ ಅಕ್ಕಿ ಕಡುಬು, ಉಂಟು ಅಂದರೆ ಬೇರೆ ಏನನ್ನೂ ಯೋಚಿಸದೆ ಅದನ್ನೇ ಹೇಳಿ, ನದಿಯಲ್ಲಿ ಇಳಿತದ ಹೊತ್ತಿಗೆ ಸೊಂಟದ ತನಕ ನೀರಿನಲ್ಲಿ ನಿಂತು ಹೆಕ್ಕಿದ ಚಿಪ್ಪು ಅದು, ಎಲ್ಲ ದಿನ ಸಿಗುವುದಿಲ್ಲ. ಅಂಜಲ್ ಕೇಳುವವರಿಗೆ ಎಲ್ಲ ಕಡೆಯೂ ಅಂಜಲ್ ಸಿಗುತ್ತದೆ, ಬಿಲ್ಲು ಮಾತ್ರ ನೋಡಿಕೊಳ್ಳಿ.