ಸಹಿ ಕೇಳಬೇಡಿ, ಮಗನನ್ನು ಕಳಿಸಿ

ನಿನ್ನೆ ಸಂಜೆಯಿಂದ ತಲೆ ಬಿಸಿಯಾಗಿದೆ. ನವನಗರದಲ್ಲಿ ನಾವು ನಡೆಸುವ ಮಕ್ಕಳ ಲೈಬ್ರರಿ ನಿಮಗೆಲ್ಲ ಗೊತ್ತೇ ಇದೆ. ಅಲ್ಲಿಗೆ ಒಬ್ಬ ತಂದೆ, ಮಗ ಸೇರಿರುವ ಒಂದು ಅವಾರ್ಡಿನ ರೆಕಾರ್ಡ್ ಬುಕ್ ಹಿಡಿದುಕೊಂಡು ಬಂದರು. "ಅಕ್ಕಾರ, ಹುಡುಗಂದು ಟ್ಯೂಷನ್ ಭಾಳ ಅದಾವ್ರಿ. ಇದಕ್ಕೊಂದು ಸಹಿ ಹಾಕಿ ಕೊಡ್ರಿ" ಅಂದರು. ಹುಡುಗ ನಮ್ಮಲ್ಲಿ ಸೇವೆ ಮಾಡಿದ್ದಾನೆ ಅಂತ ಮೂರು ತಿಂಗಳ ವಿವರ ಆಗಲೇ ತುಂಬಿತ್ತು. ಒಂದೇ ಪೆನ್ನು, ಒಂದೇ ಅಕ್ಷರ, ಅದೂ ದೊಡ್ಡವರದು. ಹೋಳಿ ಬಣ್ಣದ ದಿನವೂ "ಚಿಕ್ಕ ಮಕ್ಕಳಿಗೆ ಕಥೆ ಓದಿದೆ" ಅಂತ ಬರೆದಿದ್ದರು. ಬಾಗಲಕೋಟೆಯಲ್ಲಿ ಬಣ್ಣದ ದಿನ ಲೈಬ್ರರಿ ಬಾಗಿಲು ಯಾರು ತೆಗೀತಾರೆ? ನಾನು ಸಹಿ ಹಾಕಲಿಲ್ಲ.

ಇದು ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್. 1956ರಲ್ಲಿ ಬ್ರಿಟನ್ನಿನಲ್ಲಿ ಪ್ರಿನ್ಸ್ ಫಿಲಿಪ್ ಶುರು ಮಾಡಿದ್ದು. 1953ರ ಎವರೆಸ್ಟ್ ತಂಡದ ನಾಯಕ ಜಾನ್ ಹಂಟ್ ಇದರ ಮೊದಲ ನಿರ್ದೇಶಕ. 14 ವರ್ಷ ತುಂಬಿದವರು ಇದರ ಮೊದಲ ಹಂತಕ್ಕೆ, ಅಂದರೆ ಕಂಚಿನ ಹಂತಕ್ಕೆ, ಸೇರಬಹುದು. ಸೇವೆ, ಒಂದು ಕಲಿಕೆ, ಒಂದು ಆಟ, ಒಂದು ಸಾಹಸಯಾತ್ರೆ, ಇಷ್ಟೇ. ರ‍್ಯಾಂಕ್ ಇಲ್ಲ, ಯಾರ ಜೊತೆಗೂ ಪೈಪೋಟಿ ಇಲ್ಲ. ಹಾಗಿದ್ದ ಮೇಲೆ ಸುಳ್ಳು ಬರೆದು ಯಾರನ್ನು ಸೋಲಿಸಬೇಕು?

ಓದಿನ ಒತ್ತಡ ಅಂತೀರಿ. ಇದು ಕೇಳುವುದು ಸೇವೆ, ಕಲಿಕೆ, ಆಟ, ಒಂದೊಂದಕ್ಕೂ ವಾರಕ್ಕೆ ಸುಮಾರು ಒಂದು ಗಂಟೆ. ಮಗನ ವಾರದಲ್ಲಿ ಅಷ್ಟೂ ಬಿಡುವಿಲ್ಲ ಅಂದರೆ, ಮೊದಲು ಅವನ ಟ್ಯೂಷನ್ ಕಡಿಮೆ ಮಾಡಿ.

ನಮ್ಮಲ್ಲಿಗೆ ಒಬ್ಬ ಹುಡುಗಿ ಬರುತ್ತಾಳೆ. ಮೊದಮೊದಲು ಪುಸ್ತಕ ಮುಖಕ್ಕೆ ಅಡ್ಡ ಹಿಡಿದು ಓದುತ್ತಿದ್ದಳು, ದನಿಯೇ ಹೊರಡುತ್ತಿರಲಿಲ್ಲ. ಈಗ ಚಿಕ್ಕವರು ಅವಳ ದುಪಟ್ಟಾ ಜಗ್ಗಿ "ಅಕ್ಕಾ, ಇನ್ನೊಂದು ಕಥಿ" ಅಂತಾರೆ. ಅವಳ ಬುಕ್ಕಿಗೆ ಸಹಿ ಹಾಕುವಾಗ ನನಗೆ ಎಷ್ಟು ಖುಷಿ ಗೊತ್ತಾ! ಆ ಹುಡುಗನಿಗೂ ಇದು ಸಿಗಬೇಕಿತ್ತು. ಅಪ್ಪನೇ ತಪ್ಪಿಸಿದರು, ಅದೇ ನನ್ನ ಸಿಟ್ಟು.

ಯಾತ್ರೆಯದೂ ಇದೇ ಕಥೆ. ಕಂಚಿನ ಹಂತಕ್ಕೆ ಎರಡು ಹಗಲು, ಒಂದು ರಾತ್ರಿ. ದಾರಿ ಮಕ್ಕಳೇ ಗೊತ್ತು ಮಾಡಬೇಕು, ತಮ್ಮ ಸಾಮಾನು ತಾವೇ ಹೊರಬೇಕು. ಬಾದಾಮಿಯಿಂದ ಗುಡ್ಡ ದಾಟಿ ಮಹಾಕೂಟಕ್ಕೆ ಕಾಲುದಾರಿ ಇದೆ, ಮುಂದೆ ಪಟ್ಟದಕಲ್ಲು. ಇಂಥ ಜಾಗ ಪಕ್ಕದಲ್ಲೇ ಇಟ್ಟುಕೊಂಡು, ಮಕ್ಕಳನ್ನು ಬಸ್ಸಿನಲ್ಲಿ ಗುಹೆ ಮುಂದೆ ಇಳಿಸಿ, ಫೋಟೋ ತೆಗೆದು, ಸಾಹಸ ಅಂತ ಬರೆಸುತ್ತಾರೆ.

ಸಹಿ ಹಾಕುವ ಗೆಳೆಯರೇ, ಕೋಚ್‌ಗಳೇ, ಸಂಗೀತದ ಮೇಷ್ಟ್ರೇ, ಕಣ್ಣಾರೆ ನೋಡದೆ ನೀವೂ ಹಾಕಬೇಡಿ. ನಾನೊಬ್ಬಳು ಆಗಲ್ಲ ಅಂದರೆ ಅವರು ಸೀದಾ ನಿಮ್ಮ ಹತ್ತಿರ ಬರುತ್ತಾರೆ.