ಬೇಗೂರು ಹೋಬಳಿಯ ಪ್ರಜೆಗಳು

ಬೆಂಗಳೂರಿನ ದಕ್ಷಿಣದ ಕಡೆ ಸೈಟೋ ಫ್ಲ್ಯಾಟೋ ಕೊಂಡವರು ಒಂದು ಸಲ ಬೀರು ತೆಗೆದು ನಿಮ್ಮ ಕ್ರಯಪತ್ರ ಹೊರಗೆ ತೆಗೆಯಿರಿ. ಚಕ್ಕುಬಂದಿ ಬರೆದಿರುವ ಪುಟ ನೋಡಿ. ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಕದಲ್ಲಿ ನಿಮ್ಮ ಅಪಾರ್ಟ್‌ಮೆಂಟಿಗೆ ಯಾವುದೋ ಇಟಲಿಯ ಊರಿನ ಹೆಸರಿರುತ್ತದೆ. ಕ್ರಯಪತ್ರದಲ್ಲಿ ಮಾತ್ರ ಸುಮ್ನೆ "ಬೇಗೂರು ಹೋಬಳಿ, ಬೆಂಗಳೂರು ದಕ್ಷಿಣ ತಾಲ್ಲೂಕು" ಅಂತ ಇರುತ್ತದೆ. ಮಡಿವಾಳದ ಪತ್ರದಲ್ಲೂ ಅದೇ, ಅಗರದ್ದರಲ್ಲೂ ಅದೇ, ಬಿಳೇಕಹಳ್ಳಿಯದ್ದರಲ್ಲೂ ಅದೇ. ಅಷ್ಟೇಕೆ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ನಿಂತಿರುವ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಜಮೀನಿಗೂ ಕಾಗದದಲ್ಲಿ ಅದೇ ವಿಳಾಸ. ಅಮೆರಿಕದ ಕಂಪನಿಗೆ ರಾತ್ರಿಯೆಲ್ಲ ದುಡಿದು ಬಂದು ಮಲಗುವವರೂ ಮಲಗೋದು ಬೇಗೂರು ಹೋಬಳಿಯಲ್ಲೇ.

ಆದರೆ ಇವರಲ್ಲಿ ಎಷ್ಟು ಜನ ಬೇಗೂರು ನೋಡಿದ್ದಾರೆ? ನೋಡಿದವರೂ ಬೇಗೂರು ರಸ್ತೆಯ ಟ್ರಾಫಿಕ್ ನೋಡಿರುತ್ತಾರೆ, ಊರು ನೋಡಿರುವುದಿಲ್ಲ. ಹೊಸೂರು ರಸ್ತೆ ಬಿಟ್ಟು ಒಳಗೆ ತಿರುಗಿದರೆ ನೀರಿನ ಟ್ಯಾಂಕರು, ಪಿಜಿ ಬೋರ್ಡು, ಮೊಬೈಲ್ ಅಂಗಡಿ, ಪ್ಲೈವುಡ್ ಅಂಗಡಿ, ಮತ್ತೆ ಟ್ಯಾಂಕರು. ಇಷ್ಟೇ ಊರು ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಪಂಚಲಿಂಗೇಶ್ವರನ ದೇವಸ್ಥಾನದ ಹತ್ತಿರ ಹೋದ ಮೇಲೆಯೇ ಊರು ಶುರುವಾಗೋದು. ಅಲ್ಲಿ ಓಣಿಗಳು ತಮಗಿಷ್ಟ ಬಂದಂತೆ ತಿರುಗುತ್ತವೆ, ಗೂಗಲ್ ಮ್ಯಾಪು "ಎಡಕ್ಕೆ ತಿರುಗಿ" ಅಂದ ಕಡೆ ಯಾರದೋ ಮನೆಯ ಜಗಲಿ ಇರುತ್ತದೆ, ಜಗಲಿಯ ಮೇಲೆ ಒಬ್ಬ ಅಜ್ಜಿ ಅವರೆಕಾಯಿ ಬಿಡಿಸುತ್ತಾ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ.

ಇಂಥ ಒಬ್ಬ ಅಜ್ಜಿಯನ್ನು ನಾನು, "ಏನಜ್ಜಿ, ಮನೇಲಿ ಯಾರೂ ಇಲ್ವಾ?" ಅಂತ ಮಾತಿಗೆಳೆದೆ. "ಮಗ ಬೆಂಗ್ಳೂರ್ಗೆ ಹೋಗವ್ನೆ ಕಣಪ್ಪ, ಸಾಯಂಕಾಲ ಬತ್ತಾನೆ" ಅಂದರು. ಮಗ ಹೋಗಿದ್ದದ್ದು ಜಯನಗರಕ್ಕೆ! 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆದಾಗ ಸುತ್ತಲ ನೂರಕ್ಕೂ ಹೆಚ್ಚು ಹಳ್ಳಿಗಳ ಜೊತೆ ಬೇಗೂರೂ ನಗರಕ್ಕೆ ಸೇರಿದೆ. ಕಾರ್ಪೊರೇಷನ್ನಿನವರು ಸೇರಿಸಿಕೊಂಡಿದ್ದಾರೆ, ಅಜ್ಜಿ ಸೇರಿಕೊಂಡಿಲ್ಲ. ಯೋಚಿಸಿದರೆ ಅಜ್ಜಿಯದೇ ನ್ಯಾಯ ಅನ್ನಿಸುತ್ತದೆ. ಹಿರಿತನದ ಲೆಕ್ಕ ತೆಗೆದರೆ ಬೆಂಗಳೂರಿನ ಹೆಸರಿಗೆ ನಮಗೆ ಸಿಕ್ಕಿರುವ ಅತಿ ಹಳೆಯ ಸಾಕ್ಷಿ ಇರೋದೇ ಬೇಗೂರಿನಲ್ಲಿ.

ಆ ಸಾಕ್ಷಿ ಒಂದು ಕಲ್ಲು. ಪಂಚಲಿಂಗೇಶ್ವರನ ದೇವಸ್ಥಾನದ ಆವರಣದಲ್ಲಿ ಅದನ್ನು ಗುರುತಿಸಿದವರು ಶಾಸನತಜ್ಞ ಆರ್. ನರಸಿಂಹಾಚಾರ್. ಸುಮಾರು ಕ್ರಿ.ಶ. 890ರದ್ದು, ಗಂಗರ ಕಾಲದ್ದು, ಹಳಗನ್ನಡದ್ದು. ಅದರಲ್ಲಿರುವ ಸುದ್ದಿ ಚಿಕ್ಕದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮನೆಗೆ ಸೇರಿದವನೊಬ್ಬ ಸತ್ತ ಅಂತ. ಯುದ್ಧ ಯಾಕಾಯಿತು, ಗೆದ್ದವರು ಯಾರು ಅನ್ನೋದೆಲ್ಲ ಇಲ್ಲ. ಸತ್ತವನು ನಮ್ಮವನು, ಅದು ದಾಖಲಾಗಬೇಕು, ಅಷ್ಟೇ. ಬೆಂಗಳೂರು ಬರೀ ಜಗಳ ನಡೆದ ಜಾಗ. ಆಗ ಬೇಗೂರಿನ ಕಲ್ಲಿನಲ್ಲಿ ಬೆಂಗಳೂರಿಗೆ ಸಿಕ್ಕಿದ ಮರ್ಯಾದೆ ಇಷ್ಟು.

ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಊರಿಗೆ ಈ ಹೆಸರು ಬಂತು ಅನ್ನುವ ಕತೆ ನನಗೂ ಇಷ್ಟ. ಶಾಲೆಯಲ್ಲಿ ಕೇಳಿದ್ದು, ಮಕ್ಕಳಿಗೆ ಈಗಲೂ ಹೇಳುತ್ತೇನೆ. ಆದರೆ ಬಲ್ಲಾಳ ಪಟ್ಟಕ್ಕೆ ಬರುವ ಹೊತ್ತಿಗೆ ಈ ಕಲ್ಲಿಗೆ ಸುಮಾರು 300 ವರ್ಷ ವಯಸ್ಸಾಗಿತ್ತು. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟುವ ಹೊತ್ತಿಗಂತೂ 600 ದಾಟಿತ್ತು. ಅಕ್ಷರಗಳು ಸವೆದಿವೆ. ನಡುಮಧ್ಯಾಹ್ನ ಹೋದರೆ ಬರೀ ಕಲ್ಲು ಕಾಣುತ್ತದೆ. ಬಿಸಿಲು ಅಡ್ಡ ಬೀಳುವ ಹೊತ್ತಿನಲ್ಲಿ ಗೀರುಗಳು ನೆರಳು ಹಿಡಿದು, ಒಂದೊಂದೇ ಗುಂಡಗಿನ ಅಕ್ಷರ ಮೇಲೆದ್ದ ಹಾಗೆ ಕಾಣುತ್ತದೆ. ಇದು ಕನ್ನಡವೇ ಅಂತ ಗೊತ್ತಾಗುತ್ತದೆ, ಓದೋಕೆ ಮಾತ್ರ ಬರಲ್ಲ.

ಈ ನಾಗತ್ತರ ಸಾಮಾನ್ಯ ಆಳಲ್ಲ. ಬೇಗೂರಿನ ಇನ್ನೊಂದು ವೀರಗಲ್ಲು ಪೂರ್ತಿ ಈ ನಾಗತ್ತರನ ಹೆಸರಿನ ಕತೆಯೇ. ಅದು ಈಗ ಊರಿನಲ್ಲಿಲ್ಲ, ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿಕೊಂಡಿದೆ. ಆನೆ, ಕುದುರೆ, ಬಿಲ್ಲು, ಕತ್ತಿ, ಬಿದ್ದವರ ಮೇಲೆ ಬಿದ್ದವರು, ಇಡೀ ರಣರಂಗವನ್ನು ಒಂದೇ ಚಪ್ಪಡಿಯಲ್ಲಿ ತುರುಕಿದ್ದಾನೆ ಶಿಲ್ಪಿ. ಕಲ್ಲು ಹೇಳೋದು ಇದು: ಗಂಗವಾಡಿ 96000 ಅನ್ನುವ ನಾಡನ್ನು ಗಂಗರ ದೊರೆ ಎರೆಯಪ್ಪರಸ ಆಳುತ್ತಿದ್ದಾಗ, ಬೀರಮಹೇಂದ್ರನ ಮೇಲೆ ನಾಗತ್ತರನನ್ನು ಯುದ್ಧಕ್ಕೆ ಕಳಿಸುತ್ತಾನೆ. ತುಂಬೆಪಾಡಿ ಅನ್ನುವಲ್ಲಿ ಕಾಳಗ. ನಾಗತ್ತರ ಆನೆಗಳ ನಡುವೆ ಕಾದಾಡಿ ಸಾಯುತ್ತಾನೆ. ಸುದ್ದಿ ಕೇಳಿದ ದೊರೆ ಇರುಗ ಅನ್ನುವವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ, ಅಂದರೆ ಸತ್ತ ವೀರನ ನೆನಪಿನ ಉಂಬಳಿಯಾಗಿ ಕೊಡುತ್ತಾನೆ.

ಬೆಂಪೂರು ಅಂದರೆ ನಮ್ಮ ಬೇಗೂರು. ಹನ್ನೆರಡು ಅಂದರೆ ಅದಕ್ಕೆ ಸೇರಿದ ಹಳ್ಳಿಗಳು. ಕಲ್ಲು ಹೆಸರುಗಳನ್ನೂ ಕೊಡುತ್ತದೆ. ತೊವಗೂರು, ಇಗ್ಗಲೂರು, ಎಳ್ಕುಂಟೆ, ಕೂಡಲೆ, ಹೀಗೆ. ತೊವಗೂರು ಓದಿದ ಕೂಡಲೇ ದೊಡ್ಡತೋಗೂರು, ಚಿಕ್ಕತೋಗೂರು ನೆನಪಾಗುತ್ತವೆ. ಕೂಡಲೆ ಅಂದರೆ ಕೂಡ್ಲುವೇ ಇರಬೇಕು ಅನ್ನಿಸದೆ ಇರಲ್ಲ. ಇಗ್ಗಲೂರಂತೂ ಚಂದಾಪುರದ ಹತ್ತಿರ ಅದೇ ಹೆಸರಿನಲ್ಲಿ ಈಗಲೂ ಇದೆ. ಸಾವಿರದ ನೂರು ವರ್ಷದ ಹಿಂದೆ ಬೇಗೂರಿನ ಕೈಕೆಳಗೆ ಹನ್ನೆರಡು ಹಳ್ಳಿ. ಇವತ್ತು ತಹಸೀಲ್ದಾರರ ಕಾಗದದಲ್ಲಿ ಬೇಗೂರಿನ ಕೈಕೆಳಗೆ ಒಂದು ಹೋಬಳಿ ತುಂಬಾ ಹಳ್ಳಿ. ರಾಜರು ಹೋದರು, ಸುಲ್ತಾನರು ಹೋದರು, ಬ್ರಿಟಿಷರು ಹೋದರು, ಗ್ರಾಮಲೆಕ್ಕಿಗರ ವಹಿಯಲ್ಲಿ ಬೇಗೂರಿನ ಯಜಮಾನಿಕೆ ಹೋಗಲಿಲ್ಲ ನೋಡಿ!

ಈ ಸೀಮೆಯವರಿಗೆ ಜಮೀನನ್ನು ಬರೆದಿಡುವ ಚಟವೂ ಹಳೆಯದೇ. ಮಡಿವಾಳದ ಸೋಮೇಶ್ವರ ದೇವಸ್ಥಾನದಲ್ಲಿ 1247ರ ತಮಿಳು ಶಾಸನವೊಂದಿದೆ. ಅದರಲ್ಲಿ ವೆಂಗಳೂರಿನ, ಅಂದರೆ ಬೆಂಗಳೂರಿನ, ದೊಡ್ಡ ಕೆರೆಯ ಕೆಳಗಿನ ಜಮೀನನ್ನು ದತ್ತಿ ಕೊಟ್ಟ ವಿವರ. ಅಗರದಲ್ಲಿ 9ನೇ ಶತಮಾನದ ಕಲ್ಲಿದೆ. ಎರಡು ಕೆರೆಗೆ ತೂಬು, ಅಂದರೆ ನೀರು ಹೊರಬಿಡುವ ಕಿಂಡಿ, ಇಡಿಸಿ ಮೂರನೆಯದನ್ನು ಕಟ್ಟಿಸಿದವರ ಸುದ್ದಿ ಅದರಲ್ಲಿ. ಈಗ ಅಗರದ ಕೆರೆ ಸುತ್ತ ಬೆಳಿಗ್ಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಓಡುವವರು ತೂಬು ಅಂದರೇನು ಅಂತ ಕೇಳಿಯಾರು. ನನಗೆ ಯುದ್ಧದ ಕಲ್ಲಿಗಿಂತ ಈ ತೂಬಿನ ಕಲ್ಲಿನ ಮೇಲೇ ಜಾಸ್ತಿ ಪ್ರೀತಿ. ಸತ್ತವರಿಗೆ ಕಲ್ಲು ನಿಲ್ಲಿಸೋದು ಎಲ್ಲ ಕಡೆ ಉಂಟು, ತೂಬು ಇಟ್ಟವನನ್ನೂ ಕಲ್ಲಿಗೆ ಹತ್ತಿಸಿದ ಊರು ನಮ್ಮದು.

ದೇವಸ್ಥಾನಕ್ಕೆ ವಾಪಸ್ ಬರೋಣ. ಹೆಸರೇ ಹೇಳುವಂತೆ ಐದು ಲಿಂಗ. ನಾಗೇಶ್ವರ, ನಗರೇಶ್ವರ, ಚೋಳೇಶ್ವರ, ಕರ್ಣೇಶ್ವರ, ಕಾಳಿಕಾಮಟೇಶ್ವರ. ಇವುಗಳಲ್ಲಿ ಎರಡು ಗುಡಿ ಗಂಗರ ನೀತಿಮಾರ್ಗ ದೊರೆಗಳ ಕಾಲದ್ದು. ಉಳಿದವು ಆಮೇಲೆ ಚೋಳರು ಬಂದಾಗಿನವು. ಗೆದ್ದವರು ಹಳೆಯ ಗುಡಿ ಕೆಡವದೆ ಪಕ್ಕದಲ್ಲೇ ತಮ್ಮದೂ ಕಟ್ಟಿಕೊಂಡರು. ಅವರ ಕಾಲದಲ್ಲಿ ಪಾರ್ಕಿಂಗಿಗೆ ಜಾಗ ಬೇಕಿರಲಿಲ್ಲ ಅನ್ನೋದೂ ಕಾರಣ ಇರಬಹುದು. ಹಳೇ ಗುಡಿಗಳ ಎದುರು ಹೊಸ ಕಾಲದ ಗೋಪುರ ಬಣ್ಣಬಣ್ಣವಾಗಿ ಎದ್ದಿದೆ. ಕ್ಯಾಮೆರಾದವರಿಗೆ ಅದು ಅಡ್ಡ ಅಂತ ಸಿಟ್ಟು, ಊರಿನವರಿಗೆ ಅದೇ ಹೆಮ್ಮೆ. ನಾನು ಊರಿನವರ ಪರ. ದೇವರು ಇನ್ನೂ ಪೂಜೆ ತಗೊಳ್ತಾ ಇರೋ ಗುಡಿ ಅದು, ಮ್ಯೂಸಿಯಂ ಅಲ್ಲ. ಒಳಗೆ ನಾಗೇಶ್ವರನ ಮಂಟಪದಲ್ಲಿ ತಲೆ ಎತ್ತಿದರೆ ಚಾವಣಿಯಲ್ಲಿ ಅಷ್ಟದಿಕ್ಪಾಲಕರು ಕೂತಿದ್ದಾರೆ. ಕತ್ತು ನೋಯುವವರೆಗೆ ನೋಡಿ, ಅರ್ಚಕರು "ಮಂಗಳಾರತಿ ತಗೊಳ್ಳಿ ಸಾರ್" ಅಂದಾಗ ತಲೆ ಇಳಿಸಿದರೆ ಆಯಿತು.

ಊರಿಗೆ ಒಂದು ಕೋಟೆಯೂ ಇತ್ತು. ಚಿಕ್ಕದು. ಅದರ ಗುರುತುಗಳು ಮನೆಗಳ ನಡುವೆ ಸಿಕ್ಕಿಕೊಂಡಿವೆ. ಕೆರೆ ಇದೆ, ದೊಡ್ಡ ಕೆರೆ. ಅದರ ಬಗ್ಗೆ ಮಾತಾಡೋಕೆ ಶುರು ಮಾಡಿದರೆ ಕೋರ್ಟಿನವರೆಗೂ ಹೋಗಬೇಕಾಗುತ್ತದೆ, ಬೇಡ ಬಿಡಿ.

ಬೇಗೂರಿನವರ ಸ್ವಭಾವದಲ್ಲಿ ನನಗೆ ಹಿಡಿಸಿದ್ದು ಅವರು ಈ ಯಾವುದನ್ನೂ ಮೈಮೇಲೆ ಹಾಕಿಕೊಳ್ಳದಿರುವುದು. ಬೇರೆ ಯಾವ ಊರಾಗಿದ್ದರೂ "ಬೆಂಗಳೂರಿನ ಹೆಸರಿಗೆ ಮೂಲ ಇಲ್ಲಿದೆ" ಅಂತ ಹೋಟೆಲಿಗೂ ಚಿಟ್‌ಫಂಡಿಗೂ ಹೆಸರಿಟ್ಟು ಬೋರ್ಡು ಬರೆಸುತ್ತಿದ್ದರು. ಇಲ್ಲಿ ಶಾಸನ ಎಲ್ಲಿ ಅಂತ ಕೇಳಿದರೆ, "ಬರೆದಿರೋ ಕಲ್ಲಾ? ದೇವಸ್ಥಾನದ ತಾವ ಐತೆ ನೋಡಿ" ಅನ್ನುತ್ತಾರೆ. ಆಮೇಲೆ ಅವರ ಪ್ರಶ್ನೆ ಬರುತ್ತದೆ, "ನೀವೇನು, ಸೈಟ್ ನೋಡಕ್ ಬಂದ್ರಾ?"

ಮೆಟ್ರೋ ವಿಷಯದಲ್ಲಿ ಮಾತ್ರ ಅವರಿಗೆ ಸ್ವಲ್ಪ ಬೇಜಾರಿದೆ, ನನಗೂ ಇದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾಯಿತು. ಹೊಂಗಸಂದ್ರಕ್ಕೆ ನಿಲ್ದಾಣ ಬಂತು, ಸಿಂಗಸಂದ್ರಕ್ಕೆ ಬಂತು, ಕೋನಪ್ಪನ ಅಗ್ರಹಾರಕ್ಕೂ ಬಂತು. ಕೂಡ್ಲು ಗೇಟಿಗೂ ಒಂದು ಬಂತು. ನನ್ನ ಊಹೆ ಸರಿಯಾಗಿದ್ದರೆ, ನಾಗತ್ತರ ಪಟ್ಟ ಕಟ್ಟಿಸಿಕೊಂಡ ಇರುಗನಿಗೆ ಸಿಕ್ಕ ಹನ್ನೆರಡರಲ್ಲಿ ಕೊನೆಯ ಸಾಲಿನ ಹಳ್ಳಿ ಅದು! ಯಜಮಾನನ ಊರು ಬೇಗೂರಿಗೆ ಮಾತ್ರ ಇಲ್ಲ. ಹೊಂಗಸಂದ್ರದಲ್ಲೋ ಕೂಡ್ಲು ಗೇಟಿನಲ್ಲೋ ಇಳಿದು ಆಟೋದವರ ಹತ್ತಿರ ಚೌಕಾಸಿ ಮಾಡಬೇಕು. ಮೀಟರ್ ಹಾಕ್ತೀರಾ ಅಂತ ಕೇಳಬೇಡಿ. ಕಾರಂತೂ ತರಲೇಬೇಡಿ, ಅದರಲ್ಲೂ ಕಾರ್ತಿಕ ಸೋಮವಾರ. ಅವತ್ತು ಇಡೀ ಹೋಬಳಿಯೇ ಅಲ್ಲಿರುತ್ತದೆ.